ಡೀಸೆಲ್ ತೀರ್ಥ

ಇದನ್ನು ನಂಬಬೇಡಿ, ನಿಮ್ಮ ತಾಕತ್ತು ನೋಡೋಣ. ಹಲಸೂರು ಕೆರೆ ಹತ್ತಿರದ ಟೀ ಅಂಗಡಿಯಲ್ಲಿ ರಸ್ತೆಗೆ ಬೆನ್ನು ಹಾಕಿ ಕೂತು, ಹಿಂದೆ ಹೋಗುವ ಲಾರಿಯ ಆರು ಸಿಲಿಂಡರಿನಲ್ಲಿ ಎಷ್ಟು ಬದುಕಿವೆ, ಎಷ್ಟು ಸತ್ತಿವೆ ಅಂತ ನಾನು ಹೇಳುತ್ತಿದ್ದೆ. ಲೋಟ ಕೆಳಗಿಡದೆ ಹೇಳುತ್ತಿದ್ದೆ. ಪಂದ್ಯ ಕಟ್ಟಿದವರು ಲಾರಿಯ ಹಿಂದೆ ಓಡಿ, ಸಿಗ್ನಲ್ಲಿನಲ್ಲಿ ಡ್ರೈವರನ್ನು ಕೇಳಿ, ಏದುಸಿರು ಬಿಡುತ್ತಾ ವಾಪಸ್ಸು ಬಂದು ನನ್ನ ಟೀ ದುಡ್ಡು ಕೊಡುತ್ತಿದ್ದರು. ನನ್ನ ಹೆಸರು ಮುನಿರಾಜು. ಡೀಸೆಲ್ ಪಂಪು ರಿಪೇರಿ ಮಾಡಿ ಬದುಕಿದವನು. ಕೆ.ಆರ್. ಪುರಂ ಆಚೆಯ ನಮ್ಮ ಹಳ್ಳಿಯಲ್ಲಿ ರಾಗಿ ಹೊಲ ಇದ್ದ ಕಾಲಕ್ಕೆ ಬಾವಿಯ ಪಂಪ್‌ಸೆಟ್ಟಿನ ಎಂಜಿನ್ ಬಿಚ್ಚಿ ಅಪ್ಪನ ಕೈಲಿ ಒದೆ ತಿಂದಲ್ಲಿಂದ ಶುರುವಾದ ಕಸುಬು.

ನಾನು ಪೂರ್ತಿ ನಿಜ ಹೇಳುವ ಜಾತಿಯವನಲ್ಲ. ಆದರೆ ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ನಿಮಗೆ ಒಂದಕ್ಕಿಂತ ಹೆಚ್ಚು ಸುಳ್ಳು ಹೇಳಲಾರೆ. ಕೈಕಾಲು ಇರುವವರು ನೀವು, ಅವು ಹಾಗೇ ಇರಲಿ ಅಂತ ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಸಹಿಸಿಕೊಳ್ಳಿ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಶಿವಾಜಿನಗರದಲ್ಲಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಖಾದರ್ ಸಾಹೇಬರ ಪಂಪ್ ರೂಮ್. ಒಂದು ಪಕ್ಕ ಕುರಿ ಮಾಂಸದ ಅಂಗಡಿ, ಇನ್ನೊಂದು ಪಕ್ಕ ಬುರ್ಖಾ ಹೊಲಿಯುವವರು, ನಡುವೆ ನಾವು. ಸಾಹೇಬರು ಬಿಳಿ ಪೈಜಾಮ ಹಾಕಿಕೊಂಡು ಡೀಸೆಲ್ ಕೆಲಸ ಮಾಡುತ್ತಿದ್ದರು, ಒಂದು ತೊಟ್ಟೂ ಬೀಳುತ್ತಿರಲಿಲ್ಲ. ನನ್ನ ಬಟ್ಟೆ ನೋಡಿ ಬೈಯುತ್ತಿದ್ದರು: "ಕ್ಯಾ ರೇ ಮುನಿ, ಪಂಪ್ ರಿಪೇರಿ ಮಾಡ್ತೀಯೋ, ಪಂಪ್ ಒಳಗೆ ಸ್ನಾನ ಮಾಡ್ತೀಯೋ?"

ಅಲ್ಲಿ ನನ್ನ ಜೊತೆ ಸೆಲ್ವ. ಮರ್ಫಿ ಟೌನಿನವನು, ನನಗಿಂತ ಎರಡು ವರ್ಷ ಚಿಕ್ಕವನು, ಎರಡು ಗೇಣು ಎತ್ತರದವನು. ತಮಿಳು ಶಾಲೆಯಲ್ಲಿ ಐದನೇ ಕ್ಲಾಸು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಕರೆಂಟ್ ಬಿಲ್ ಇರಲಿ, ಲಗ್ನಪತ್ರಿಕೆ ಇರಲಿ, ಯಾರ ಕೈಗಾದರೂ ಕೊಟ್ಟು ಹೇಳುತ್ತಿದ್ದ: "ಜೋರಾಗಿ ಓದು ಗುರು, ಎಲ್ರಿಗೂ ಕೇಳ್ಲಿ." ಒಮ್ಮೆ ಯಾರದೋ ಪ್ರೇಮಪತ್ರವನ್ನೂ ಹಾಗೇ ಓದಿಸಿ ಗಲ್ಲಿಯಲ್ಲಿ ಹೊಡೆದಾಟವಾಯಿತು. ಅದು ಬೇರೆ ಕಥೆ.

ಈಗ ಪಂಪು ಅಂದರೇನು ಕೇಳಿಕೊಳ್ಳಿ. ಮರ್ಫಿ ಟೌನಿನ ಬೀದಿ ಮೂಲೆಯಲ್ಲಿ ಬೋರಿನ ಕೈಪಂಪು ಇತ್ತಲ್ಲ, ಅದನ್ನೇ ನೆನಪಿಸಿಕೊಳ್ಳಿ. ಹಳೆಯ ಲಾರಿಯ ಪಂಪಿನಲ್ಲಿ ಆರು ಸಿಲಿಂಡರಿಗೆ ಆರು ಪುಟ್ಟ ಕೈಪಂಪುಗಳು ಸಾಲಾಗಿ ನಿಂತಿರುತ್ತವೆ. ಕೆಳಗೆ ಒಂದು ಶಾಫ್ಟು ತಿರುಗಿ ಒಂದೊಂದನ್ನೇ ಸರದಿಯಂತೆ ಎತ್ತುತ್ತದೆ. ಎತ್ತಿದಾಗ ಒಂದು ಗುಟುಕು ಡೀಸೆಲ್ ಪೈಪಿನಲ್ಲಿ ಓಡಿ ತುದಿಯ ನಾಜಲ್ಲಿನ ಬಾಯಿ ಒದ್ದು ತೆಗೆದು ಸಿಲಿಂಡರಿನ ಒಳಗೆ ಹೋಗುತ್ತದೆ. ಅಷ್ಟೇ. ಹಿಡಿ ಬಿಟ್ಟರೆ ನೀರು ನಿಂತ ಹಾಗೆ. ಒತ್ತಡ ಹುಟ್ಟುವುದು ಆ ಒಂದು ಕ್ಷಣಕ್ಕೆ. ಅದೂ ಪೈಪು ಬಿಗಿಯಾಗಿದ್ದರೆ ಮಾತ್ರ.

ಅದಕ್ಕೇ ನಮ್ಮ ಪರೀಕ್ಷೆ ಸುಲಭವಾಗಿತ್ತು. ಎಂಜಿನ್ ಮುಗ್ಗರಿಸುತ್ತಿದೆ, ಯಾವ ಸಿಲಿಂಡರು ಕೆಲಸ ಮಾಡುತ್ತಿಲ್ಲ ಗೊತ್ತಿಲ್ಲ. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಪೈಪಿನ ನಟ್ಟನ್ನೂ ಅರ್ಧ ಸುತ್ತು ಸಡಿಲ ಮಾಡುವುದು. ಡೀಸೆಲ್ ಹೊರಗೆ ಚೆಲ್ಲುತ್ತದೆ, ಒಳಗೆ ಹೋಗುವುದಿಲ್ಲ. ಎಂಜಿನ್ನಿನ ಸದ್ದು ಕುಗ್ಗಿದರೆ ಆ ಸಿಲಿಂಡರು ಬದುಕಿದೆ. ಸದ್ದು ಬದಲಾಗದಿದ್ದರೆ ಸತ್ತಿರುವುದು ಅದೇ. ನಟ್ಟು ತಿರುಗಿಸುವಾಗ ಇನ್ನೊಂದು ಕೈಯ ತೋರುಬೆರಳು ಪೈಪಿನ ಮೇಲಿರಬೇಕು. ಪ್ರತಿ ಗುಟುಕಿಗೂ ಪೈಪು ಮಿಡಿಯುತ್ತದೆ. ಅದಕ್ಕೆ ನಾಡಿ ಹಿಡಿಯೋದು ಅನ್ನುತ್ತಿದ್ದೆವು. ನನ್ನದು ಕಿವಿ, ಸೆಲ್ವನದು ಬೆರಳು. ಅವನ ಎಡಗೈ ತೋರುಬೆರಳು ಪೈಪು ಮುಟ್ಟಿದರೆ ಡಾಕ್ಟರು ಸ್ಟೆತಸ್ಕೋಪು ಇಟ್ಟ ಹಾಗೆ. ನಾನು ಕಿವಿಯಲ್ಲಿ ಕೇಳಿ ಮೂರನೆಯದು ಅಂತ ಹೇಳುವ ಮೊದಲೇ ಅವನು ಮೂರು ಬೆರಳು ಎತ್ತಿರುತ್ತಿದ್ದ. ಹೊಟ್ಟೆ ಉರಿಯುತ್ತಿತ್ತು.

ಆ ಚೆಲ್ಲುವ ಡೀಸೆಲ್ಲಿಗೆ ತೀರ್ಥ ಅಂತ ಹೆಸರಿಟ್ಟವನು ನಾನೇ. ಹೊಸದಾಗಿ ಯಾರೇ ಕೆಲಸಕ್ಕೆ ಸೇರಲಿ, ಓಡುವ ಎಂಜಿನ್ ಹತ್ತಿರ ಕರೆದು ಗಂಭೀರವಾಗಿ ಹೇಳುತ್ತಿದ್ದೆ: "ಬಗ್ಗಿ ಕೇಳು, ಪೈಪ್ ಒಳಗೆ ಒಂದು ಸದ್ದು ಬರುತ್ತೆ. ಇನ್ನೂ ಹತ್ರ. ಇನ್ನೂ." ಆಮೇಲೆ ಸ್ಪ್ಯಾನರು ಅರ್ಧ ಸುತ್ತು. ಮುಖದ ತುಂಬ ಡೀಸೆಲ್ಲು. "ತೀರ್ಥ ಆಯ್ತು, ಪ್ರಸಾದಕ್ಕೆ ಟೀ ಕುಡಿಸಪ್ಪ!" ಅಂತ ಎಲ್ಲರೂ ಕಿರುಚುವುದು. ಸೆಲ್ವನಿಗೂ ಮೊದಲ ದಿನ ಕೊಟ್ಟಿದ್ದೆ. ಅವನು ಸಿಟ್ಟಾಗಲಿಲ್ಲ. ತುಟಿ ನೆಕ್ಕಿ ಹೇಳಿದ: "ಉಪ್ಪು ಕಮ್ಮಿ ಗುರು." ಅವತ್ತೇ ಸ್ನೇಹವಾಯಿತು.

ನನ್ನ ಜಂಬ ಇಷ್ಟು ಹೇಳಿದ ಮೇಲೆ ಒಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಂಬುವುದಿಲ್ಲ ನೀವು. ನೀರಿನ ಟ್ಯಾಂಕರೊಂದರ ಪಂಪು ನಾನೇ ಬಿಚ್ಚಿ ನಾನೇ ಕೂಡಿಸಿದ್ದು. ಸಾಲಿನ ಪಂಪುಗಳಿಗೆಲ್ಲ ಡೀಸೆಲ್ ಹೆಚ್ಚು ಕಮ್ಮಿ ಮಾಡುವ ಹಲ್ಲಿನ ಪಟ್ಟಿಯೊಂದಿರುತ್ತದೆ, ಅದು ಎಣ್ಣೆಯಲ್ಲಿ ಜಾರಿದ ಹಾಗೆ ಓಡಾಡಬೇಕು. ನಾನು ಕೂಡಿಸಿದ್ದು ಪೂರ್ತಿ ತೆರೆದ ಕಡೆಯೇ ಸಿಕ್ಕಿಕೊಂಡಿತ್ತು. ಸ್ಟಾರ್ಟ್ ಮಾಡಿದೆವು. ಎಂಜಿನ್ ಒದರಿತು, ಇನ್ನೂ ಒದರಿತು, ಚಾವಿ ತಿರುಗಿಸಿದರೂ ನಿಲ್ಲಲಿಲ್ಲ. ಹಳೆಯ ಡೀಸೆಲ್ ಎಂಜಿನ್ನಿಗೆ ಚಾವಿಯ ಹಂಗಿಲ್ಲ, ಡೀಸೆಲ್ಲೂ ಗಾಳಿಯೂ ಸಿಗುವವರೆಗೆ ಅದು ಓಡುತ್ತದೆ. ಮಾಂಸದಂಗಡಿಯವನು ಕತ್ತಿ ಬಿಸಾಕಿ ಓಡಿದ. ನಾನೂ ಓಡಿದೆ, ಸುಳ್ಳೇಕೆ. ಸೆಲ್ವ ಓಡಲಿಲ್ಲ. ಸಾಹೇಬರು ಕೂರುತ್ತಿದ್ದ ಗೋಣಿಚೀಲ ಎಳೆದುಕೊಂಡು ಹೋಗಿ ಎಂಜಿನ್ ಗಾಳಿ ಎಳೆಯುವ ಬಾಯಿಗೆ ತುರುಕಿದ. ಉಸಿರು ಕಟ್ಟಿ ನಿಂತಿತು. ಸಾಹೇಬರು ನನ್ನನ್ನು ಬೈಯಲಿಲ್ಲ. "ಗೋಣಿಚೀಲ ಹೊಸದಿತ್ತು" ಅಂದರು, ಅಷ್ಟೇ. ಆ ಮಾತಿಗಿಂತ ಒದೆ ವಾಸಿ.

ಸಾಹೇಬರಿಗೆ ಕಣ್ಣು ಮಂಜಾಗಿ ಪಂಪ್ ರೂಮ್ ಮುಚ್ಚಿದ ಮೇಲೆ ನಾನೂ ಸೆಲ್ವನೂ ಕೆ.ಆರ್. ಪುರಂ ಕಡೆ ಹಳೇ ಮದ್ರಾಸ್ ರಸ್ತೆಯ ದೊಡ್ಡ ವರ್ಕ್‌ಶಾಪಿಗೆ ಸೇರಿದೆವು. ಹೆಸರು ಬೇಡ. ತಗಡಿನ ಪಂಪ್ ರೂಮ್ ಹೋಗಿ ಟೈಲ್ಸ್ ಹಾಕಿದ ದೊಡ್ಡ ಶೆಡ್ಡು ಬಂತು. ಅಲ್ಲಿ ಬರುತ್ತಿದ್ದ ಜೀಪು, ವ್ಯಾನುಗಳಲ್ಲಿ ಸಾಲು ಪಂಪು ಹೋಗಿ ದುಂಡನೆಯ ರೋಟರಿ ಪಂಪು ಬಂದಿತ್ತು. ಆರು ಕೈಪಂಪಿನ ಬದಲು ಒಂದೇ ಕೈಪಂಪು, ಅದೇ ತಿರುಗುತ್ತಾ ಒಂದೊಂದು ಬಿಂದಿಗೆಗೂ ತುಂಬುತ್ತದೆ. ಹಗುರ, ಚಿಕ್ಕದು, ಕೆಟ್ಟ ಡೀಸೆಲ್ ಕುಡಿದರೆ ಮಾತ್ರ ಬೇಗ ಸಾಯುತ್ತದೆ. ಆದರೂ ಅದು ಕೈಪಂಪೇ. ನಟ್ಟು ಸಡಿಲಿಸಿದರೆ ತೀರ್ಥವೇ ಬರುತ್ತಿತ್ತು. ನಮ್ಮ ವಿದ್ಯೆ ಅಲ್ಲೂ ನಡೆಯಿತು.

ಅಲ್ಲಿ ಸರ್ವಿಸ್ ಮ್ಯಾನೇಜರಾಗಿ ಬಂದವನು ಪ್ರಭಾಕರ್. ಇಸ್ತ್ರಿ ಗೆರೆ ಮುರಿಯದ ಬಿಳಿ ಶರಟು. ಮೊದಲ ದಿನವೇ ನಮ್ಮನ್ನು ಸಾಲಾಗಿ ನಿಲ್ಲಿಸಿ ಹೇಳಿದ: "ನೋಡ್ರೀ, ಇದು ನಿಮ್ಮ ಶಿವಾಜಿನಗರದ ಗುಜರಿ ಅಂಗಡಿ ಅಲ್ಲ. ಇಲ್ಲಿ ಸಿಸ್ಟಮ್ ಇದೆ." ಖಾದರ್ ಸಾಹೇಬರ ಪಂಪ್ ರೂಮನ್ನು ಗುಜರಿ ಅಂದವನನ್ನು ನಾನು ಸುಮ್ಮನೆ ಬಿಡುತ್ತೇನೆಯೇ? ಮಧ್ಯಾಹ್ನ ಹೋಗಿ ಕೈಕಟ್ಟಿ ನಿಂತೆ.

"ಸಾರ್, ಒಂದು ಜೀಪಿನ ಸದ್ದು ಅರ್ಥ ಆಗ್ತಿಲ್ಲ. ನಿಮ್ಮಂಥ ಓದಿದೋರು ಒಂದ್ಸಲ ಕೇಳಿದ್ರೆ..."

ಬಂದ. ಬಗ್ಗಿದ. "ಇನ್ನೂ ಸ್ವಲ್ಪ ಹತ್ರ ಸಾರ್" ಅಂದೆ. ಸೆಲ್ವ ಹಿಂದಿನಿಂದ ಬೇಡ ಬೇಡ ಅಂತ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ. ಸ್ಪ್ಯಾನರು ಅರ್ಧ ಸುತ್ತು. ಬಿಳಿ ಶರಟು ಹಳದಿಯಾಯಿತು. ಇಡೀ ಶೆಡ್ಡು ನಕ್ಕಿತು.

ಪ್ರಭಾಕರ್ ನಗಲಿಲ್ಲ, ಕೂಗಾಡಲೂ ಇಲ್ಲ. ಅವತ್ತಿನಿಂದ ಶೆಡ್ಡಿನ ಒಳಗೆ ಕಾಲಿಡುವುದನ್ನೇ ಬಿಟ್ಟ. ನಮಗೆ ಹೇಳಬೇಕಾದ್ದನ್ನು ತನ್ನ ಗಾಜಿನ ಕೋಣೆಯಿಂದ ಫೋನಿನಲ್ಲಿ ಹೇಳುತ್ತಿದ್ದ. ಹೇಳಬಾರದು ಅನ್ನಿಸಿದ್ದನ್ನು ಹೇಳುತ್ತಿರಲಿಲ್ಲ. ಆ ಒಂದು ಶರಟಿನ ಕಲೆಗೆ ನಾನು ಎಷ್ಟು ಕುಣಿದೆನೋ! ಮನೆಗೆ ಹೋಗಿ ಹೆಂಡತಿಗೆ ನಟಿಸಿ ತೋರಿಸಿದೆ. ಆ ನಗುವಿಗೆ ಬೇರೆ ಯಾರೋ ಬೆಲೆ ಕಟ್ಟುತ್ತಾರೆ ಅಂತ ಆಗ ಹೊಳೆಯಲಿಲ್ಲ.

ಎರಡು ಸಾವಿರದ ನಂತರದ ವರ್ಷಗಳಲ್ಲಿ ಹೊಸ ನಮೂನೆ ಬಂತು. ಕಾಮನ್ ರೈಲ್ ಅನ್ನುತ್ತಾರೆ. ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಇಲ್ಲಿ ಕೈಪಂಪು ಇಲ್ಲ. ಒಂದು ಪಂಪು ಬಿಡುವಿಲ್ಲದೆ ಡೀಸೆಲ್ಲನ್ನು ಒತ್ತಿ ಒತ್ತಿ ಒಂದು ದಪ್ಪ ಉಕ್ಕಿನ ಕೊಳವೆಯೊಳಗೆ ತುಂಬಿಡುತ್ತದೆ. ಮಾಳಿಗೆ ಮೇಲಿನ ಟ್ಯಾಂಕಿನ ಹಾಗೆ. ಇಂಜೆಕ್ಟರುಗಳು ಅದಕ್ಕೆ ಹಾಕಿದ ನಲ್ಲಿಗಳು, ಯಾವ ನಲ್ಲಿ ಯಾವಾಗ ಎಷ್ಟು ಹೊತ್ತು ತೆರೆಯಬೇಕು ಅಂತ ಕಂಪ್ಯೂಟರ್ ಕರೆಂಟಿನಲ್ಲಿ ಹೇಳುತ್ತದೆ. ಅದಕ್ಕೇ ಸದ್ದು ಕಮ್ಮಿ, ಹೊಗೆ ಕಮ್ಮಿ, ಎಳೆತ ಜಾಸ್ತಿ. ಒಳ್ಳೆಯ ವಿದ್ಯೆ, ನಾನು ಬೈಯುವುದಿಲ್ಲ. ಆದರೆ ಹಳೆಯದರಲ್ಲಿ ಒತ್ತಡ ಒಂದು ಕ್ಷಣ ಹುಟ್ಟಿ ಸಾಯುತ್ತಿತ್ತು. ಹೊಸದರಲ್ಲಿ ಅದು ಹೊಂಚು ಹಾಕಿ ಕೂತಿರುತ್ತದೆ, ಹಳೆಯದರ ಎಷ್ಟೋ ಪಟ್ಟು. ಎಂಜಿನ್ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಕೂತಿರುತ್ತದೆ. ನಟ್ಟು ಮಾತ್ರ ನೋಡಲು ಅದೇ ನಟ್ಟು. ಅದೇ ಸ್ಪ್ಯಾನರು ಕೂರುತ್ತದೆ.

ಇದನ್ನು ಯಾರಿಗೆ ಹೇಳಬೇಕಿತ್ತು? ಸ್ಪ್ಯಾನರು ಹಿಡಿಯುವವರಿಗೆ ತಾನೇ? ಇಂದಿರಾನಗರದ ದೊಡ್ಡ ಹೋಟೆಲಿನಲ್ಲಿ ಎರಡು ದಿನ ಟ್ರೈನಿಂಗ್ ಆಯಿತು. ಹೋದವರು ಪ್ರಭಾಕರ್ ಮತ್ತು ಗಾಡಿ ಮಾರುವವರು. ಪರದೆ ಮೇಲೆ ಚಿತ್ರ ನೋಡಿದರು, ಊಟ ಮಾಡಿದರು, ಚರ್ಮದ ಬ್ಯಾಗು ತಂದರು. ಶೆಡ್ಡಿಗೆ ಬಂದದ್ದು ಒಂದೊಂದು ಪೆನ್ನು.

"ಏನ್ ಹೇಳ್ಕೊಟ್ರು ಸಾರ್?" ಅಂತ ಸೆಲ್ವ ಗಾಜಿನ ಕೋಣೆಯ ಬಾಗಿಲಲ್ಲಿ ನಿಂತು ಪ್ರಭಾಕರನನ್ನು ಕೇಳಿದ.

"ನಿಮಗೆ ಬೇಕಾದ್ದು ಬಂದಾಗ ಹೇಳ್ತೀನಿ. ಪೆನ್ ತಗೊಳ್ಳಿ."

ಸೆಲ್ವ ಆ ಪೆನ್ನಿನಲ್ಲಿ ಕಿವಿ ಕೆರೆದುಕೊಂಡ.

ಈ ಹೊಸ ನಮೂನೆಯ ಜೀಪೊಂದು ಬಂತು, ಓಡುತ್ತಾ ಮುಗ್ಗರಿಸುತ್ತಿತ್ತು. ಬೆಳಿಗ್ಗೆ ಹತ್ತೂವರೆ. ದೋಷ ಓದುವ ಸ್ಕ್ಯಾನರು ಗಾಜಿನ ಕೋಣೆಯ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು, ಬೀಗದ ಕೈ ಇಟ್ಟುಕೊಂಡಿದ್ದ ಪ್ರಭಾಕರ್ ಹೊರಗೆ ಹೋಗಿದ್ದ. ಜೀಪಿನ ಯಜಮಾನರು ಗಡಿಯಾರ ನೋಡುತ್ತಿದ್ದರು. ನಾನು ಜೋರಾಗಿ, ಅವರಿಗೂ ಕೇಳಲಿ ಅಂತ, ಹೇಳಿದೆ: "ಡಬ್ಬಾ ಯಾಕೆ ಬೇಕು, ನಮ್ಮ ಸೆಲ್ವನ ಬೆರಳಿದೆ. ಸೆಲ್ವ, ಒಂದೊಂದಾಗಿ ತೀರ್ಥ ಬಿಡಪ್ಪ."

ಹೇಳಿದವನು ನಾನು. ಇದರಲ್ಲಿ ತಿರುಚುವುದೇನಿಲ್ಲ.

ಸೆಲ್ವ ಎಡಗೈ ತೋರುಬೆರಳು ಪೈಪಿನ ಮೇಲಿಟ್ಟ. "ನಾಡಿನೇ ಸಿಗ್ತಾ ಇಲ್ಲ ಗುರು, ಬರೀ ನಡುಗ್ತಾ ಇದೆ" ಅಂದ. ಅಲ್ಲೇ ನಿಲ್ಲಿಸಬೇಕಿತ್ತು ನಾವು. ಅವನು ಸ್ಪ್ಯಾನರು ತಿರುಗಿಸಿದ, ಅರ್ಧ ಸುತ್ತೂ ಇಲ್ಲ, ಕಾಲು ಸುತ್ತು. ಚೆಲ್ಲಲಿಲ್ಲ. ಚಿಸ್ ಅಂತ ಬಟ್ಟೆ ಹರಿದಂಥ ಸದ್ದು, ಬಿಳಿ ಹೊಗೆಯಂಥ ಮಂಜು. ಸೆಲ್ವ ಕೈ ಕೊಡವಿದ.

"ಏನೋ ಚುಚ್ತು."

ಬೆರಳಿನ ತುದಿಯಲ್ಲಿ ಸೊಳ್ಳೆ ಕಚ್ಚಿದಷ್ಟು ಗುರುತು. ರಕ್ತ ಇಲ್ಲ, ನೋವೂ ಇಲ್ಲ. ನಾವು ನಕ್ಕೆವು. "ಹೊಸ ದೇವರು ಕಣೋ, ತೀರ್ಥ ಸೂಜಿಯಲ್ಲಿ ಕೊಡ್ತಾನೆ" ಅಂದೆ ನಾನು. ಒಂದು ಗಂಟೆ ಹೊತ್ತಿಗೆ ಬೆರಳು ಬಿಳುಚಿಕೊಂಡಿತು. ಪ್ರಭಾಕರ್ ಬಂದ ಮೇಲೆ ಕೋಣೆಗೆ ಕರೆದುಕೊಂಡು ಹೋದೆ. ಅವನು ಬೆರಳನ್ನು ದೂರದಿಂದ ನೋಡಿದ.

"ಇಷ್ಟಕ್ಕೆಲ್ಲ ಆಸ್ಪತ್ರೆ ಅಂದ್ರೆ ಹೆಂಗ್ರೀ? ಸೋಪ್ ಹಾಕಿ ತೊಳ್ಕೊಳ್ಳಿ. ಸಂಜೆ ಗಾಡಿ ಡೆಲಿವರಿ ಇದೆ."

ಎರಡು ದಿನ ಹೋಟೆಲಿನಲ್ಲಿ ಕೂತು ಪರದೆ ನೋಡಿ ಬಂದವನು ಹೇಳಿದ ಮಾತು ಇದು.

ನಾಲ್ಕು ಗಂಟೆಗೆ ಬೆರಳು ಬದನೆಕಾಯಿ ಹಾಗೆ ಊದಿ ಕಲ್ಲಾಯಿತು. ಆಟೋದಲ್ಲಿ ಹಾಕಿಕೊಂಡು ಹಲಸೂರು ಕಡೆಯ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಗುರುತು ನೋಡಿದ ತಕ್ಷಣ ಮುಖ ಬದಲಾಯಿತು.

"ಇದು ಎಷ್ಟು ಹೊತ್ತಿಗೆ ಆಗಿದ್ದು?"

"ಹತ್ತೂವರೆ ಮೇಡಂ."

"ಈಗ ಐದು ಗಂಟೆ! ಇಷ್ಟು ಹೊತ್ತು ಏನ್ಮಾಡ್ತಾ ಇದ್ರಿ? ತೂತು ಚಿಕ್ಕದು, ಆದ್ರೆ ಡೀಸೆಲ್ ಒಳಗೆಲ್ಲ ಹರಡಿದೆ. ಆಗಲೇ ಬಂದಿದ್ರೆ ಬೆರಳು ಪೂರ್ತಿ ಉಳಿಸೋಕೆ ನೋಡಬಹುದಿತ್ತು."

ಅವತ್ತೇ ಕುಯ್ದು ತೊಳೆದರು. ಮೂರು ದಿನ ಬಿಟ್ಟು ಎರಡು ಗೆಣ್ಣು ತೆಗೆದರು. ಸೆಲ್ವ ಬ್ಯಾಂಡೇಜು ಎತ್ತಿ ತೋರಿಸಿ ಹೇಳಿದ: "ಗುರು, ಇನ್ಮೇಲೆ ನಿನ್ನ ಕಿವಿಯೇ ಗತಿ." ನಗಿಸಲು ಹೇಳಿದ್ದು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಹೋಗಿ ಕೂತೆ.

ಅಷ್ಟರಲ್ಲಿ ಪ್ರಭಾಕರ್ ವರದಿ ಬರೆದಾಗಿತ್ತು: ಎಷ್ಟು ಎಚ್ಚರಿಕೆ ಕೊಟ್ಟರೂ ಕೆಲಸಗಾರ ಕೇಳದೆ ನಿರ್ಲಕ್ಷ್ಯದಿಂದ ಮಾಡಿಕೊಂಡದ್ದು. ನಿರ್ಲಕ್ಷ್ಯ ಅನ್ನುವ ಆ ಒಂದು ಪದ ನಿಂತರೆ ಬೆರಳಿನ ಜೊತೆ ಕೆಲಸವೂ ಹೋಗುತ್ತಿತ್ತು. ಹತ್ತಾರು ವರ್ಷ ಪೈಪಿನ ನಾಡಿ ಹಿಡಿದವನನ್ನು ಕೆಲಸ ಬಾರದವನು ಅಂತ ಮನೆಗೆ ಕಳಿಸುತ್ತಿದ್ದರು.

ನನಗೆ ಒಂದು ಕೆಟ್ಟ ವಿದ್ಯೆ ಗೊತ್ತಿತ್ತು. ಪ್ರಭಾಕರನ ಮೇಜಿನ ಡ್ರಾಯರನ್ನು ಬೀಗದ ಕೈ ಇಲ್ಲದೆ ತೆಗೆಯುವುದು. ಹಿಂದೆ ಅದರೊಳಗೆ ಜಿರಲೆ ಬಿಟ್ಟಿದ್ದೆ, ಒಮ್ಮೆ ಗ್ರೀಸು ಸವರಿದ್ದೆ. ಈ ಸಲ ಊಟದ ಹೊತ್ತಿನಲ್ಲಿ ಹೋಗಿ ತೆಗೆದೆ. ಹೋಟೆಲಿನ ಬಿಲ್ಲುಗಳ ಕೆಳಗೆ ಗಾಡಿ ಕಂಪನಿಯಿಂದ ಬಂದ ಒಂದು ಕಾಗದ. ಕೆಂಪು ಅಂಚು. ಇಂಗ್ಲಿಷ್ ಬರಹ. ಮೇಲೆ ಒಂದು ಚಿತ್ರ: ಕೈ, ಆ ಕೈಗೆ ಬಾಣದ ಹಾಗೆ ಚುಚ್ಚುವ ಗೆರೆ. ಓದು ಬಾರದವನಿಗೂ ತಿಳಿಯುವ ಚಿತ್ರ ಕಣ್ರೀ! ಗೋಡೆಗೆ ಅಂಟಿಸಿದ್ದರೆ ಸಾಕಿತ್ತು. ಒಂದು ಚಮಚ ಗೋಂದು ಸಾಕಿತ್ತು. ಪಕ್ಕದಲ್ಲಿ ನಮ್ಮ ವರ್ಕ್‌ಶಾಪಿನ ತಾರೀಖಿನ ಸೀಲು, ಕಾಗದ ಬಂದು ಎರಡು ತಿಂಗಳಾಗಿತ್ತು. ಶರಟಿನ ಕಲೆಯ ಸಿಟ್ಟಿಗೆ ನಮ್ಮ ಜೊತೆ ಮಾತು ಬಿಟ್ಟ, ಸರಿ. ಕಾಗದ ತೋರಿಸುವುದನ್ನೂ ಬಿಡಬೇಕೇ? ಮಡಿಸಿ ಶರಟಿನ ಜೇಬಿಗೆ ಹಾಕಿಕೊಂಡೆ, ಸಂಜೆ ಸೆಲ್ವನಿಗೊಬ್ಬನಿಗೇ ತೋರಿಸಿದೆ.

ವಿಚಾರಣೆಗೆ ಹೆಡ್ ಆಫೀಸಿನಿಂದ ಇಬ್ಬರು ಬಂದರು. ಉದ್ದ ಮೇಜು, ಬಿಸ್ಕತ್ತಿನ ತಟ್ಟೆ. ಪ್ರಭಾಕರ್ ಒಂದು ಕಡೆ, ನಾನೂ ಸೆಲ್ವನೂ ಗೋಡೆ ಪಕ್ಕದ ಬೆಂಚಿನ ಮೇಲೆ. ಆ ಇಬ್ಬರಲ್ಲಿ ದೊಡ್ಡವನು ಸೆಲ್ವನನ್ನು ಕೇಳಿದ: "ನಟ್ ಲೂಸ್ ಮಾಡು ಅಂತ ನಿಮಗೆ ಯಾರು ಹೇಳಿದ್ರು?"

ಸೆಲ್ವ ಹೇಳಿದ: "ಯಾರೂ ಹೇಳಿಲ್ಲ ಸಾರ್. ನಮ್ಮ ಕೈಗೆ ಅಭ್ಯಾಸ."

ಪ್ರಭಾಕರ್ ಅಂದ: "ನೂರು ಸಲ ಹೇಳಿದೀನಿ ಸಾರ್ ಇವರಿಗೆ. ಕಿವಿಗೇ ಹಾಕ್ಕೊಳ್ಳಲ್ಲ."

ನಾನು ಎದ್ದೆ. ಜೇಬಿನಿಂದ ಕಾಗದ ತೆಗೆದು ಬಿಸ್ಕತ್ತಿನ ತಟ್ಟೆಯ ಪಕ್ಕ ಬಿಚ್ಚಿಟ್ಟೆ. "ಜೋರಾಗಿ ಓದಿ ಸಾರ್, ಎಲ್ರಿಗೂ ಕೇಳ್ಲಿ. ಆಮೇಲೆ ಸೀಲ್ ಮೇಲಿರೋ ತಾರೀಖೂ ಓದಿ. ಇದು ಯಾರ ಡ್ರಾಯರ್‌ನಲ್ಲಿ ಇತ್ತು ಅಂತ ಆಮೇಲೆ ಕೇಳಿ" ಅಂದೆ.

ದೊಡ್ಡವನು ಓದಿದ. ಓದುತ್ತಾ ಓದುತ್ತಾ ಅವನ ದನಿ ಇಳಿಯಿತು. ಎಂಜಿನ್ ಓಡುವಾಗ ಯಾವ ನಟ್ಟನ್ನೂ ಸಡಿಲಿಸಬಾರದು. ಡೀಸೆಲ್ ಚರ್ಮದೊಳಗೆ ಹೊಕ್ಕರೆ ಗಾಯ ಎಷ್ಟೇ ಚಿಕ್ಕದಿರಲಿ ಕೂಡಲೇ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಒಯ್ಯಬೇಕು. ಎಲ್ಲ ಅದರಲ್ಲೇ ಇತ್ತು. ಪ್ರಭಾಕರನ ಮುಖ ಅವತ್ತು ಅವನ ಶರಟಿಗಿಂತ ಬೆಳ್ಳಗಿತ್ತು.

ವರದಿಯಿಂದ ನಿರ್ಲಕ್ಷ್ಯ ಅನ್ನುವ ಪದ ಹೋಯಿತು. ಸೆಲ್ವನ ಕೆಲಸ ಉಳಿಯಿತು. ಪ್ರಭಾಕರನಿಗೆ ಬೇರೆ ಊರಿಗೆ ವರ್ಗವಾಯಿತು, ಹಾರ ಹಾಕಿ ಕಳಿಸಿದರು! ಬೆರಳು ಹೋದವನಿಗೆ ಹಾರ ಇಲ್ಲ, ಬೆರಳು ತೆಗೆಸಿದವನಿಗೆ ಸೇವಂತಿಗೆ ಹಾರ. ಆ ದಿನ ನಾನು ರಜೆ ಹಾಕಿದೆ.

ಸೆಲ್ವ ಆಮೇಲೆ ಶೆಡ್ಡಿನ ಬಾಗಿಲಲ್ಲಿ ಕನ್ನಡದಲ್ಲೂ ತಮಿಳಿನಲ್ಲೂ ಬೋರ್ಡು ಬರೆಸಿದ. ಯಾರೇ ಹೊಸಬರು ಬರಲಿ, ತನ್ನ ಮೊಂಡು ಬೆರಳನ್ನು ಅವರ ಮೂಗಿನ ಮುಂದೆ ಹಿಡಿದು ಅದನ್ನು ಓದಿಸುತ್ತಿದ್ದ. ನಾನು ತೀರ್ಥ ಕೊಡುವುದನ್ನು ಬಿಟ್ಟೆ. ಹಳೆಯ ಲಾರಿಯಲ್ಲೂ ಬಿಟ್ಟೆ.

ಈಗಿನವರೇ, ನಿಮ್ಮ ಮೇಲೂ ನನಗೆ ಸಿಟ್ಟಿದೆ. ಸ್ಕ್ಯಾನರು ಏನೋ ಸಂಖ್ಯೆ ತೋರಿಸಿತು ಅಂತ ನಾಲ್ಕೂ ಇಂಜೆಕ್ಟರು ಬದಲಿಸುತ್ತೀರಿ, ವಯರಿನ ಪ್ಲಗ್ಗು ಸಡಿಲವಾಗಿದೆಯಾ ಅಂತ ಮುಟ್ಟಿ ನೋಡುವುದಿಲ್ಲ. ಕಿವಿ ಕೊಟ್ಟು ಕೇಳಿ. ಡಬ್ಬಾ ಹೇಳುವುದನ್ನೂ ಕೇಳಿ. ಎಂಜಿನ್ ನಿಲ್ಲಿಸಿ, ಕಾಯಿರಿ, ಆಮೇಲೆ ನಟ್ಟು ಮುಟ್ಟಿ. ಕಂಪನಿಯಿಂದ ಬಂದ ಕಾಗದ ಎಲ್ಲಿ ಅಂತ ಪ್ರತಿ ತಿಂಗಳೂ ಕೇಳಿ. ನಿಮ್ಮ ಭಾಷೆಯಲ್ಲಿ ಓದಿ ಹೇಳಿ ಅಂತ ಕೂತುಬಿಡಿ. ನಿಮ್ಮ ಜೊತೆಗೆ ಒಬ್ಬ ಹಳೆಯ ಪಂಡಿತ, ಎಲ್ಲ ಬಲ್ಲವನು, ನಗಿಸುವವನು ಇದ್ದರೆ ಅವನ ಮಾತನ್ನು ಎರಡು ಸಲ ಯೋಚಿಸಿ ಕೇಳಿ.

ಇನ್ನು ಆ ಸುಳ್ಳು. ಲಾರಿಯ ಸದ್ದಿನ ವಿಷಯ ಅಂದುಕೊಂಡಿರುತ್ತೀರಿ. ಅದು ನಿಜ, ಬೇಕಾದರೆ ಹಲಸೂರಿಗೆ ಬನ್ನಿ, ಟೀ ನಿಮ್ಮದು. ಡ್ರಾಯರು ತೆಗೆದದ್ದೂ ನಿಜ, ಕಾಗದ ನನ್ನ ಜೇಬಿನಲ್ಲಿದ್ದದ್ದೂ ನಿಜ. ಆದರೆ ವಿಚಾರಣೆಯಲ್ಲಿ ಎದ್ದವನು ನಾನಲ್ಲ. ದೊಡ್ಡವನು "ಯಾರು ಹೇಳಿದ್ರು" ಅಂತ ಕೇಳಿದಾಗಿನಿಂದ ನಾನು ನೆಲದ ಟೈಲ್ಸು ಎಣಿಸುತ್ತಿದ್ದೆ. ಸೆಲ್ವ ಒಂದು ನಿಮಿಷ ಕಾದ. ಆಮೇಲೆ ಬ್ಯಾಂಡೇಜು ಇಲ್ಲದ ಕೈಯನ್ನು ನನ್ನ ಜೇಬಿಗೆ ಹಾಕಿ, ಕಾಗದ ಎಳೆದುಕೊಂಡು, ಅವನೇ ಎದ್ದು ನಿಂತ.